ಹಲಗೆಯ ಆ ತುದಿಯ ಕಸ್ತೂರೆಮ್ಮ

ಸೂರ್ಯ ಇನ್ನೂ ಮೂಡಿಲ್ಲ. ಕಿನ್ನಾಳದಲ್ಲಿ ಗೊಂಬೆ ಮಾಡುವ ಗಾಳೆಮ್ಮಜ್ಜಿಯ ಪಡಸಾಲೆಯಲ್ಲಿ ಬಲ್ಬೊಂದು ಉರಿಯುತ್ತಿದೆ. ಅದರ ಕೆಳಗೆ ಕಸ್ತೂರೆಮ್ಮ ಸೆರಗು ಬಿಗಿದುಕೊಂಡು, ಬಾವಿಯಿಂದ ಸೇದಿ ತಂದ ಎರಡು ಕೊಡ ನೀರನ್ನು ತಗಡಿನ ಡ್ರಮ್ಮಿಗೆ ಸುರಿಯುತ್ತಿದ್ದಾರೆ. ಸುರಿದು, ಒಳಗೆ ಬಗ್ಗಿ ನೋಡಿ, ಒಂದು ತಂಬಿಗೆ ನೀರನ್ನು ಹೊರಗೆ ತೆಗೆಯುತ್ತಾರೆ. ಮತ್ತೆ ನೋಡಿ ಅರ್ಧ ತಂಬಿಗೆ ಒಳಗೆ ಹಾಕುತ್ತಾರೆ. ಇದು ಜಳಕದ ನೀರಲ್ಲ, ಕುಡಿಯುವ ನೀರೂ ಅಲ್ಲ. ಕರೆಂಟಿನ ಗರಗಸ ಉಗುಳುವ ಪುಡಿಯನ್ನು ಹಿಡಿಯುವ ನೀರು. ಹೊಸಬರಿಗೆ ಇದು ಗಲಿಬಿಲಿ ಅನ್ನಿಸಿದರೆ ತಪ್ಪಿಲ್ಲ. ಈ ಗಂಡ ಹೆಂಡತಿ ಐದು ತಿಂಗಳಿಂದ ಅದೇ ಗಲಿಬಿಲಿಯಲ್ಲಿ ಎದ್ದು ಅದರಲ್ಲೇ ಮಲಗುತ್ತಿದ್ದಾರೆ.

"ನೀರು ಹೆಚ್ಚಾದ್ರ ಮಷಿನ್ನು ಗಾಳಿ ಎಳಿಯಂಗಿಲ್ರಿ. ಕಮ್ಮಿ ಆದ್ರ ಪುಡಿ ಹಿಡಿಯಂಗಿಲ್ಲ. ಎಷ್ಟಿರಬೇಕು ಅಂತ ಕೇಳಿದ್ರ ಹೇಳಾಕ ಬರಂಗಿಲ್ಲ. ನೋಡಿ ನೋಡಿ ಹಾಕತೀನಿ," ಎನ್ನುತ್ತಾರೆ ಕಸ್ತೂರೆಮ್ಮ.

ಅತ್ತ ಅವರ ಗಂಡ ಅಂದಪ್ಪ ವಾಯರು ಸಿಕ್ಕಿಸುತ್ತಿದ್ದಾರೆ. ಎರಡು ಗಿಡ್ಡ ಮೇಜುಗಳ ಮೇಲೆ ಆಳುದ್ದದ ಹಲಗೆ ಮಲಗಿದೆ. ಅಂದಪ್ಪ ಈ ತುದಿಯಿಂದ ಉದ್ದಕ್ಕೆ ಸೀಳುತ್ತ ಬರುತ್ತಾರೆ. ಆ ತುದಿಯಲ್ಲಿ ಕಸ್ತೂರೆಮ್ಮ ಎರಡೂ ಅಂಗೈ ಊರಿ, ಹಲಗೆ ಅಲುಗದಂತೆ ಒತ್ತಿ ಹಿಡಿದಿರುತ್ತಾರೆ. ಗರಗಸ ಚೀರುತ್ತದೆ, ಡ್ರಮ್ಮಿನೊಳಗೆ ನೀರು ಗುಡುಗುಡು ಎನ್ನುತ್ತದೆ, ಹಲಗೆ ಎರಡು ಹೋಳಾಗುತ್ತದೆ. ಕಸ್ತೂರೆಮ್ಮ ಕೆಮ್ಮುವುದಿಲ್ಲ. ಅಂದಪ್ಪ ಒಂದು ಗಳಿಗೆ ಕಿವಿಗೊಟ್ಟು ನಿಂತು, ತಮ್ಮ ಕೈಗಾಡಿಯ ಪಕ್ಕದ ಮೇಲೆ ಸೀಮೆಸುಣ್ಣದಿಂದ ಒಂದು ಸೊನ್ನೆ ಬರೆಯುತ್ತಾರೆ.

ಕಿನ್ನಾಳದ ಗೊಂಬೆಗಳನ್ನು ಬಲ್ಲವರು ಅವಕ್ಕೆ ಬಣ್ಣ ಬರೆದವರನ್ನು ಬಲ್ಲರು. ಪ್ರದರ್ಶನಗಳಲ್ಲಿ ಅವರ ಹೆಸರು ಕೇಳುತ್ತದೆ, ಶಾಲು ಹೊದಿಸುತ್ತಾರೆ. ಆ ಗೊಂಬೆಯ ಮರ ಸೀಳಿದವರು ಯಾರು, ಮೈಗೆ ಮೆತ್ತಿದ ಹಿಟ್ಟು ಸಾಣಿಸಿದವರು ಯಾರು ಎಂದು ಕೇಳುವ ಪುಣ್ಯಾತ್ಮರು ಈವರೆಗೆ ಸಿಕ್ಕಿಲ್ಲ. ಕೇಳಿದ್ದರೆ ಉತ್ತರ ಈ ಕೈಗಾಡಿಯ ಹಿಂದೆಯೇ ಇತ್ತು.

ಗೊಂಬೆಯನ್ನು ಕಡೆಯುವುದು ಹಗುರವಾದ ಪೊಳಕಿ ಮರದಲ್ಲಿ. ಕಡೆದ ಮೇಲೆ ಕೈಕಾಲು ಕೂಡಿದ ಸಂದಿಗೆ, ಮುಖಕ್ಕೆ, ಮೈಗೆ ಕಿಟ್ಟ ಬಳಿಯುತ್ತಾರೆ. ನೆನೆಸಿ ಒಣಗಿಸಿ ಕುಟ್ಟಿದ ಗೋಣಿನಾರು, ಮರದ ಪುಡಿ, ಹುಣಸೆಬೀಜದ ಅಂಟು ಈ ಮೂರನ್ನೂ ಕೂಡಿಸಿ ಅರೆದರೆ ಕಿಟ್ಟ. ಹಾಗಾಗಿ ಇಲ್ಲಿ ಪುಡಿ ಎಂದರೆ ಕಸವಲ್ಲ. ಮರ ಯಾರದೋ ಪುಡಿಯೂ ಅವರದೇ ಎಂಬುದು ಅಂದಪ್ಪನ ಗಿರಾಕಿಗಳೆಲ್ಲ ಸೇರಿ ಹಾಕಿಕೊಂಡ ಕಟ್ಟಳೆ. ಒಂದು ಮನೆಯ ಪುಡಿ ಇನ್ನೊಂದು ಮನೆಗೆ ಹೋಗಕೂಡದು, ಬಾಗಿಲು ಚೌಕಟ್ಟಿನ ಬೇವಿನ ಪುಡಿ ಅದರಲ್ಲಿ ಬೆರೆಯಕೂಡದು. ಅದಕ್ಕೇ ಈ ಗರಗಸಕ್ಕೆ ಅಂಗಡಿಯಿಲ್ಲ. ಅದು ಕೈಗಾಡಿ ಏರಿ ಮನೆಮನೆಗೆ ಹೋಗುತ್ತದೆ, ಪುಡಿಯನ್ನು ಆಯಾ ಮನೆಯಲ್ಲೇ ಬಿಟ್ಟು ಬರುತ್ತದೆ.

ಬಿಡುವ ಮುಂಚೆ ಸಾಣಿಸುವುದು ಕಸ್ತೂರೆಮ್ಮನ ಕೆಲಸ. ದಪ್ಪ ಜರಡಿ, ಸಣ್ಣ ಜರಡಿ, ಕೊನೆಗೆ ಹಳೆಯ ಧೋತರ. ಒಂದು ಪುಟ್ಟಿ ಪುಡಿಗೆ ಧೋತರದಿಂದ ಇಳಿಯುವುದು ಎರಡು ಬೊಗಸೆ ಹಿಟ್ಟು. ಎಪ್ಪತ್ತು ದಾಟಿದ ಗಾಳೆಮ್ಮಜ್ಜಿ ಗೊಂಬೆಯ ಮುಖಕ್ಕೆ ಆ ಹಿಟ್ಟನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. "ಪುಡಿ ದಪ್ಪ ಆತಂದ್ರ ಲಕ್ಷ್ಮಿ ಗಲ್ಲದ ಮ್ಯಾಲ ಗುಳ್ಳಿ ಎದ್ದಂಗ ಕಾಣತೈತಿ. ಕಸ್ತೂರಿ ಸಾಣಿಸಿದ್ದ ಹಿಟ್ಟಿದ್ರ ಗಲ್ಲ ಅನ್ನೂದು ಗಲ್ಲ ಆಗತೈತಿ ನೋಡು," ಎಂದು ಅಜ್ಜಿ ತಮ್ಮ ಸುಕ್ಕುಗಟ್ಟಿದ ಗಲ್ಲವನ್ನೇ ಸವರಿ ತೋರಿಸುತ್ತಾರೆ.

ಕಸ್ತೂರೆಮ್ಮ ಯಲಬುರ್ಗಾ ಕಡೆಯ ಒಕ್ಕಲು ಮನೆಯ ಮಗಳು. ಎಪ್ಪತ್ತನೆಯ ಇಸವಿಯಲ್ಲಿ ಅಂದಪ್ಪನನ್ನು ಲಗ್ನವಾಗಿ ಕಿನ್ನಾಳಕ್ಕೆ ಬಂದರು. ಆಗ ಮನೆಯಲ್ಲಿದ್ದದ್ದು ಇಬ್ಬರು ಎಳೆಯುವ ದೊಡ್ಡ ಗರಗಸ. "ಕೈಯಾಗಿನ ಅರಿಶಿಣ ಇನ್ನೂ ಹೋಗಿರಲಿಲ್ರಿ. ನಮ್ಮ ಮಾವ 'ಇಕಾ, ಇದರ ಆ ಹಿಡಿಕಿ ಹಿಡಿಯವ್ವಾ' ಅಂದ್ರು. ಹಿಡದೆ. ಬಿಡು ಅಂತ ಯಾರೂ ಅನ್ನಲೇ ಇಲ್ಲ," ಎಂದು ನಗುತ್ತಾರೆ.

ಎಪ್ಪತ್ತೊಂಬತ್ತರಲ್ಲಿ ಅಂದಪ್ಪ ಮುನಿರಾಬಾದಿನ ಕಂತ್ರಾಟುದಾರರೊಬ್ಬರಿಂದ ಹಳೆಯ ಕರೆಂಟಿನ ಗರಗಸವೊಂದನ್ನು ತಂದರು. ಕೈಯಲ್ಲಿ ಹಿಡಿದು ಓಡಿಸುವಂಥದ್ದು, ದುಂಡು ಅಲಗಿನದು. ಇಡೀ ದಿನದ ಕೆಲಸ ಒಂದು ತಾಸಿಗೆ ಮುಗಿಯತೊಡಗಿತು. ಊರಿಗೆ ಊರೇ ನೋಡಲು ಬಂತು. ಯಾರೂ ನೋಡದೆ ಬಿಟ್ಟದ್ದು ಒಂದೇ: ಎಳೆಯುವ ಗರಗಸದ ಪುಡಿ ಕಾಲಬುಡಕ್ಕೆ ಬೀಳುತ್ತಿತ್ತು, ಈ ಗರಗಸದ್ದು ಅದರ ಮೂತಿಯಿಂದ ಚಿಮ್ಮಿ ನೇರವಾಗಿ ಆ ತುದಿಯಲ್ಲಿ ಕೂತವರ ಮುಖಕ್ಕೆ ಬೀಳುತ್ತದೆ. ಆ ತುದಿಯಲ್ಲಿ ಕೂತವರು ಕಸ್ತೂರೆಮ್ಮ.

ದಿನಚರಿ ಹೀಗಿದೆ. ನಾಲ್ಕೂವರೆಗೆ ಏಳುವುದು. ಐದರಿಂದ ಒಂಬತ್ತರವರೆಗೆ ಮಾತ್ರ ಕರೆಂಟಿಗೆ ಕಸುವು. ಆಮೇಲೆ ಸುತ್ತಲಿನ ಹೊಲಗಳಲ್ಲಿ ಪಂಪ್‌ಸೆಟ್ಟುಗಳು ಶುರುವಾದರೆ ಗರಗಸ ನರಳುತ್ತದೆ. ಅಷ್ಟರೊಳಗೆ ಮೂರು ಮನೆ, ಮೂವತ್ತು ಹಲಗೆ ಮುಗಿಯಬೇಕು. ಮಧ್ಯಾಹ್ನವೆಲ್ಲ ಜರಡಿ. ಬೆಳಗ್ಗೆ ಮುಖಕ್ಕೆ ಹೊಡೆದ ಪುಡಿಯೇ ಮಧ್ಯಾಹ್ನ ಧೋತರದಿಂದ ಎದ್ದು ಮತ್ತೊಮ್ಮೆ ಮೂಗು ಹೊಗುತ್ತಿತ್ತು. ಏಳು ವರ್ಷ ಇದೇ ನಡೆಯಿತು.

ಹೋದ ದೀಪಾವಳಿ ಕಳೆದ ಮೇಲೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಕೊಪ್ಪಳದ ಡಾಕ್ಟರು ಕಫ ನೋಡಿ, ಕ್ಷಯವಲ್ಲ ಎಂದರು. ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದರು. ಒಂದೋ ಪುಡಿ ನಿಲ್ಲಬೇಕು, ಇಲ್ಲವೇ ಈಕೆ ಹಲಗೆ ಹಿಡಿಯುವುದನ್ನು ನಿಲ್ಲಿಸಬೇಕು, ಹೀಗೇ ನಡೆದರೆ ಇನ್ನು ನಾಲ್ಕು ವರ್ಷಕ್ಕೆ ಈ ಎದೆ ಕೆಲಸಕ್ಕೆ ಬರುವುದಿಲ್ಲ. ಅಂದಪ್ಪ ಮನೆಗೆ ಬಂದವರು ಉಣ್ಣಲಿಲ್ಲ. ಕಸ್ತೂರೆಮ್ಮ ಉಂಡು, ಮರುದಿನದ ಜರಡಿ ತೆಗೆದಿಟ್ಟರು.

"ನಾ ಬಿಟ್ರ ಹಿಡಿಯೋರು ಯಾರ್ರಿ? ಗಂಟು ಬಂದಲ್ಲಿ ಹಲಗಿ ಸೀಳೂದಕ್ಕಿಂತ ಮೊದಲ ಅಂಗೈಗೆ ಗೊತ್ತಾಗತೈತಿ. ಆವಾಗ ಒಂಚೂರು ಎತ್ತಿ ಕೊಡಬೇಕು. ಅದನ್ನ ಇನ್ನೊಬ್ಬರಿಗೆ ಹ್ಯಾಂಗ ಕಲಸೂದು? ನನಗ ಹ್ಯಾಂಗ ಬಂತು ಅಂತ ನನಗ ಗೊತ್ತಿಲ್ಲ," ಎಂಬುದು ಅವರ ವಾದ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿ ನೋಡಿದರು, ಉಸಿರೇ ಕಟ್ಟಿತು. ಬಯಲಿಗೆ ಹೋಗಿ ಕೊಯ್ದರು, ಗಾಳಿ ಸಣ್ಣ ಹಿಟ್ಟನ್ನೆಲ್ಲ ಹೊತ್ತುಕೊಂಡು ಹೋಯಿತು. ಗಿರಾಕಿಗಳು ಮುಖ ದಪ್ಪಗೆ ಮಾಡಿಕೊಂಡರು. ಕೊನೆಗೆ, ಪುಡಿ ಎಳೆದುಕೊಳ್ಳುವ ಮಷಿನ್ನೊಂದನ್ನು ಹುಡುಕುವುದು ಎಂದಾಯಿತು. ಕೈಗಾಡಿಯ ಮೇಲೆ ಕೂರುವಷ್ಟು ಸಣ್ಣದಿರಬೇಕು, ಇಬ್ಬರು ಎತ್ತುವಷ್ಟು ಹಗುರವಿರಬೇಕು, ಮನೆಯ ಕರೆಂಟಿಗೆ ಓಡಬೇಕು, ಎಳೆದ ಪುಡಿಯನ್ನು ಆಯಾ ಮನೆಗೆ ತಿರುಗಿ ಕೊಡಬೇಕು. ಪುಡಿಯ ಮರ್ಮ ಬಲ್ಲವರು ಕಸ್ತೂರೆಮ್ಮನೇ ಆದ್ದರಿಂದ ಆರಿಸುವ ಹೊಣೆ ಅವರ ತಲೆಗೇ ಬಂತು.

ಅಳೆಯುವುದು ಹೇಗೆ? ಅಂದಪ್ಪ ಒಂದು ಉಪಾಯ ಹುಡುಕಿದರು. ಒಂದು ಹಲಗೆ ಸೀಳಿ ಮುಗಿಯುವಷ್ಟರಲ್ಲಿ ಹೆಂಡತಿ ಎಷ್ಟು ಸಲ ಕೆಮ್ಮುತ್ತಾಳೆ ಎಂದು ಎಣಿಸಿ ಕೈಗಾಡಿಯ ಮೇಲೆ ಬರೆಯುವುದು. ಮಷಿನ್ನಿಲ್ಲದೆ ಹನ್ನೊಂದು. ಇದಕ್ಕಿಂತ ಖಚಿತ ಅಳತೆ ಯಾವ ಕಂಪನಿಯ ಬಳಿ ಇದ್ದೀತು ಎಂದು ಅವರಿಗೆ ಒಳಗೊಳಗೇ ಹೆಮ್ಮೆ.

ಮೊದಲು ಬಂದದ್ದು ಬಂಗಲೆಯಲ್ಲಿ ಜಮಖಾನೆಯ ಧೂಳು ಎಳೆಯುವ ಪುಟ್ಟ ಮಷಿನ್ನು. ಗರಗಸ ಕೊಟ್ಟಿದ್ದ ಅದೇ ಕಂತ್ರಾಟುದಾರರು ನಾಲ್ಕು ದಿನಕ್ಕೆಂದು ಕೊಟ್ಟದ್ದು. ಕುಂಬಳಕಾಯಿಯಷ್ಟು ಗಾತ್ರ, ಕಂಕುಳಲ್ಲಿ ಹಿಡಿದು ನಡೆಯಬಹುದು. ಎರಡು ಹಲಗೆಗೆ ಅದರ ಹೊಟ್ಟೆ ತುಂಬಿತು, ಮೂರನೆಯದಕ್ಕೆ ಸುಟ್ಟ ವಾಸನೆ ಬಂತು. ಕೆಮ್ಮು ಒಂಬತ್ತಕ್ಕೆ ಇಳಿದಿತ್ತು. ಪಾಪ, ಜಮಖಾನೆಗೆಂದು ಹುಟ್ಟಿದ್ದನ್ನು ಮರದ ಕೆಲಸಕ್ಕೆ ಹೂಡಿದ್ದು ಇವರ ತಪ್ಪು. ಒರೆಸಿ ತಿರುಗಿ ಕೊಟ್ಟರು.

ಎರಡನೆಯದು ಹುಬ್ಬಳ್ಳಿಯಿಂದ ಹದಿನೈದು ದಿನದ ಪರೀಕ್ಷೆಗೆ ಬಂತು. ಮೋಟಾರು, ಫ್ಯಾನು, ಮೇಲೊಂದು ಉಬ್ಬುವ ಬಟ್ಟೆಯ ಚೀಲ. ಜೊತೆಗೊಂದು ಅಚ್ಚು ಹಾಕಿದ ಕಾಗದ. ಸಾಲಿಯ ಮಾಸ್ತರರಿಂದ ಓದಿಸಿದರು. ಅದರಲ್ಲಿ ಅಶ್ವಶಕ್ತಿ ಇತ್ತು, ನಿಮಿಷಕ್ಕೆ ಎಷ್ಟು ಸುತ್ತು ಎಂಬುದಿತ್ತು, ಎಷ್ಟು ಘನ ಅಡಿ ಗಾಳಿ ಎಂಬುದಿತ್ತು. ಪುಡಿ ಸಣ್ಣದೋ ದಪ್ಪದೋ ಎಂಬ ಮಾತೇ ಇರಲಿಲ್ಲ. ಓದಿದ ಮಾಸ್ತರರೂ ಕೇಳಿದ ಇವರೂ ಸಮನಾಗಿ ತಲೆ ಕೆರೆದುಕೊಂಡರು.

ಆದರೆ ಕೆಲಸ ಮಾತ್ರ ಜೋರು. ಹಲಗೆಯ ಮೇಲೆ ಚೂರು ಪುಡಿ ನಿಲ್ಲದು. ಕೆಮ್ಮು ಮೂರಕ್ಕೆ ಇಳಿಯಿತು, ವಾರದೊಳಗೆ ಒಂದಕ್ಕೆ ಬಂತು. ಅಂದಪ್ಪ ಇನ್ನೇನು ಇದನ್ನೇ ಇಟ್ಟುಕೊಳ್ಳುವುದು ಎನ್ನುವಾಗ ಗಾಳೆಮ್ಮಜ್ಜಿ ಆಗಷ್ಟೇ ಬಣ್ಣ ಹಚ್ಚಿ ಆರಲು ಇಟ್ಟ ಕೃಷ್ಣನನ್ನು ಎತ್ತಿಕೊಂಡು ಬಂದರು. ನೀಲಿ ಮೈಯೆಲ್ಲ ಮಂಕಾಗಿತ್ತು. "ಪುಡಿ ಎಲ್ಲೂ ಇಲ್ಲ ಅಂತೀರಿ. ಮತ್ತ ಇದೇನು? ಚೀಲದಾಗಿಂದ ಸೋಸಿ ಹೊರಗ ಬಂದು ನನ್ನ ಕೃಷ್ಣನ ಮೈಮ್ಯಾಲ ಕುಂತೈತಿ!"

ಬಟ್ಟೆಯ ಚೀಲ ದಪ್ಪ ಪುಡಿಯನ್ನು ಹಿಡಿದು, ಹಿಟ್ಟಿನಂಥ ಸಣ್ಣದನ್ನೆಲ್ಲ ಮನೆ ತುಂಬ ಊದುತ್ತಿತ್ತು. ಹಾಗಾದರೆ ಕೆಮ್ಮು ಕಡಿಮೆಯಾದದ್ದು ಹೇಗೆ? ಅಂದಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಮರುದಿನ ಹಲಗೆ ಮುಗಿದ ಕೂಡಲೆ ಹೆಂಡತಿ ಹಿತ್ತಲಿಗೆ ಹೋದದ್ದನ್ನು ಕಂಡು ಸದ್ದಿಲ್ಲದೆ ಹಿಂದೆ ಹೋದರು. ಕಸ್ತೂರೆಮ್ಮ ಗೋಡೆಗೆ ಕೈಕೊಟ್ಟು ನಿಂತು, ಬಾಯಿಗೆ ಸೆರಗು ತುರುಕಿಕೊಂಡು, ತಡೆದಿಟ್ಟ ಕೆಮ್ಮನ್ನೆಲ್ಲ ಒಟ್ಟಿಗೆ ಕೆಮ್ಮುತ್ತಿದ್ದರು. ಅಂದಪ್ಪ ಎಣಿಸತೊಡಗಿದರು. ಇಪ್ಪತ್ತು ದಾಟಿದ ಮೇಲೆ ಎಣಿಸಲಾಗಲಿಲ್ಲ.

"ಚೀಲದ ಮಷಿನ್ನು ಪುಡಿ ಒಣಗಿದ್ದು ಒಣಗಿದ್ದಂಗ ತಿರುಗಿ ಕೊಡತಿತ್ರಿ. ಅದನ್ನ ಇಟ್ಕೊಂಡ್ರ ನನ್ನ ಹಿಟ್ಟು ಉಳಿತೈತಿ ಅನ್ನಿಸ್ತು. ಅದಕ್ಕ ಅದು ಪಾಸಾಗಲಿ ಅಂತ ಕೆಮ್ಮು ನುಂಗಿದೆ. ಮಷಿನ್ನಿಗಿ ನಾನ ಕಾಪಿ ಹೊಡಿಸಿದಂಗ ಆತು," ಎನ್ನುವಾಗ ಅವರ ಮುಖದಲ್ಲಿ ಸಿಕ್ಕಿಬಿದ್ದ ಸಾಲಿ ಹುಡುಗಿಯ ನಾಚಿಕೆ. ಅಂದಪ್ಪನಿಗೆ ಮಾತ್ರ ಈಗಲೂ ಅದು ನಗುವ ಮಾತಲ್ಲ. "ನಾ ಬರದಿದ್ದೆಲ್ಲಾ ಸುಳ್ಳು ಲೆಕ್ಕ ಆತಲ್ರಿ. ಇಕಿ ಎದಿ ಒಡಕೋತಿದ್ಲು, ನಾ ಸುಣ್ಣ ಹಿಡಕೊಂಡು ಖುಷಿ ಪಡತಿದ್ದೆ," ಎಂದು ಮುಖ ತಿರುಗಿಸುತ್ತಾರೆ.

ಅಲ್ಲಿಗೆ ಗಲಿಬಿಲಿ ಇನ್ನೊಂದು ಸುತ್ತು ಬಿಗಿಯಿತು. ಎದೆಗೆ ಇಳಿಯುವುದೂ ಆ ಸಣ್ಣ ಹಿಟ್ಟೇ, ದೇವಿಯ ಗಲ್ಲಕ್ಕೆ ಬೇಕಾದದ್ದೂ ಆ ಹಿಟ್ಟೇ. ಅದನ್ನು ನುಂಗಿ ಮುಗಿಸುವ ಮಷಿನ್ನು ತಂದರೆ ಗೊಂಬೆ ಕೆಡುತ್ತದೆ, ಬಿಟ್ಟು ಕೊಡುವ ಮಷಿನ್ನು ತಂದರೆ ಕಸ್ತೂರೆಮ್ಮ ಉಳಿಯುವುದಿಲ್ಲ. ಚೀಲದ ಮಷಿನ್ನು ಹುಬ್ಬಳ್ಳಿಗೆ ಮರಳಿತು.

ಆಗ ಕಣಕ್ಕೆ ಇಳಿದವರು ಗಂಗಾವತಿಯ ಖಾಜಾಸಾಬ. ಅಕ್ಕಿ ಗಿರಣಿಗಳಲ್ಲಿ ಹೊಟ್ಟು ತೌಡು ಎಳೆಯುವ ಬ್ಲೋವರುಗಳನ್ನು ರಿಪೇರಿ ಮಾಡುವವರು, ಅಂದಪ್ಪನ ಹಳೆಯ ಪರಿಚಯ. ಮೊದಲು ತೌಡಿನ ಮಷಿನ್ನಿನ ಮಾದರಿಯನ್ನೇ ಮಾಡಿ ತಂದರು. ಅದು ಆಳೆತ್ತರವಿದ್ದು ಗಾಳೆಮ್ಮಜ್ಜಿಯ ಬಾಗಿಲಲ್ಲಿ ತೂರಲಿಲ್ಲ. ಖಾಜಾಸಾಬ ಅದರ ಮುಂದೆಯೇ ಕೂತು ಬೀಡಿ ಸೇದುತ್ತ, ತಮ್ಮ ತಂದೆ ಸೇದುತ್ತಿದ್ದ ಗುಡಗುಡಿಯನ್ನು ನೆನೆದರು. "ಹೊಗಿ ನೀರಾಗ ಮುಳುಗಿ ತೊಳಕೊಂಡು ಬರತೈತಿ. ಪುಡಿ ಯಾಕ ಬರಬಾರದು ಅಕ್ಕಾರ?" ಎಂದು ಕೇಳಿದರು.

ವಾರದಲ್ಲಿ ಮೊಣಕಾಲೆತ್ತರದ ಡ್ರಮ್ಮು ಸಿದ್ಧವಾಯಿತು. ಗರಗಸದಿಂದ ಬಂದ ಕೊಳವೆಯ ತುದಿ ನೀರಿನಲ್ಲಿ ಎರಡಂಗುಲ ಮುಳುಗಿರುತ್ತದೆ. ಮುಚ್ಚಳದ ಮೇಲಿನ ಸಣ್ಣ ಬ್ಲೋವರು ಗಾಳಿ ಎಳೆಯುತ್ತದೆ. ಪುಡಿ ನೀರಿನಲ್ಲಿ ಉಳಿದು ಬರಿಯ ಗಾಳಿ ಹೊರಗೆ ಬರುತ್ತದೆ. ಒಯ್ಯುವಾಗ ಡ್ರಮ್ಮು ಖಾಲಿ, ಆದ್ದರಿಂದ ಹಗುರ. ನೀರು ಎಲ್ಲ ಮನೆಯಲ್ಲೂ ಇದ್ದೇ ಇದೆ. ಕೆಮ್ಮು ಮೊದಲ ದಿನವೇ ನಿಂತಿತು. ಅಂದಪ್ಪ ಈ ಸಲ ಹಿತ್ತಲಿಗೂ ಹೋಗಿ ಕಾದು ನೋಡಿ ಬಂದರು.

ಕಸ್ತೂರೆಮ್ಮ ಮಾತ್ರ ಆ ಕೆಸರು ನೋಡಿ ಅತ್ತೇ ಬಿಟ್ಟರು. "ನೀರಿಗೆ ಬಿದ್ದ ಹಿಟ್ಟು ಯಾತಕ್ಕ ಬರತೈತ್ರಿ? ಇದು ಬ್ಯಾಡ," ಎಂದರು. ಆದರೂ ಅದು ಗಾಳೆಮ್ಮಜ್ಜಿಯ ಮನೆಯ ಪುಡಿ, ಚೆಲ್ಲುವ ಹಕ್ಕು ತಮಗಿಲ್ಲ. ಬಕೆಟ್ಟಿಗೆ ಬಗ್ಗಿಸಿ ಅಜ್ಜಿಯ ಹಿತ್ತಲ ಮೂಲೆಯಲ್ಲಿ ಇಟ್ಟು ಬಂದರು.

ಹೆಂಡತಿಯ ಕಣ್ಣೀರು ಕಂಡ ಅಂದಪ್ಪನಿಗೆ ಒಂದು ಮಹಾ ವಿಚಾರ ಹೊಳೆಯಿತು. ಹೇಗೂ ಪುಡಿಯನ್ನು ಕಲಸುವುದು ಹುಣಸೆಬೀಜದ ಅಂಟಿನಲ್ಲಿ ತಾನೆ? ನೀರಿನ ಬದಲು ಡ್ರಮ್ಮಿಗೆ ಅಂಟನ್ನೇ ಹಾಕಿದರೆ ಕಿಟ್ಟ ತನ್ನಷ್ಟಕ್ಕೇ ಆಗಿ ಹೊರಗೆ ಬರುತ್ತದೆ! ಯಾರಿಗೂ ಹೇಳದೆ ಒಂದು ಕೊಡ ಅಂಟು ಕಾಯಿಸಿ ಸುರಿದು, ಆರು ಹಲಗೆ ಸೀಳಿದರು. ನೊರೆ ಉಕ್ಕಿ ಬ್ಲೋವರಿನ ಹೊಟ್ಟೆಗೆ ಹೋಯಿತು. ಮರುದಿನ ಯುಗಾದಿ, ಅದರ ಮರುದಿನವೂ ಕೆಲಸವಿಲ್ಲ, ಡ್ರಮ್ಮು ಬಿಸಿಲಲ್ಲಿ ನಿಂತಿತು. ಮೂರನೆಯ ದಿನ ನೋಡಿದರೆ ಕೊಳವೆ, ಫ್ಯಾನು, ಮುಚ್ಚಳ ಎಲ್ಲ ಒಂದೇ ಗಟ್ಟಿ. ಸುದ್ದಿ ಕೇಳಿ ಉಳಿ ಹಿಡಿದು ಬಂದ ಖಾಜಾಸಾಬ ನಗು ತಡೆಯಲಾರದೆ ನೆಲಕ್ಕೇ ಕುಳಿತರು. "ಅಂದಪ್ಪಣ್ಣ, ನಾ ಮಷಿನ್ನು ಕೊಟ್ರ ನೀ ಗೊಂಬಿ ಮಾಡೀಯಲ್ಲೋ! ಇನ್ನ ಬಣ್ಣ ಹಚ್ಚೂದೊಂದ ಬಾಕಿ."

ಅವರು ಕೆತ್ತಿ ಕೆತ್ತಿ ಬಿಡಿಸುತ್ತಿರುವಾಗ ಕಸ್ತೂರೆಮ್ಮ ಬೇಸತ್ತು ಅಜ್ಜಿಯ ಹಿತ್ತಲಿಗೆ ಹೋದರು. ಮೂಲೆಯಲ್ಲಿ ಬಕೆಟ್ಟು ಹಾಗೇ ಇತ್ತು. ದಪ್ಪ ಪುಡಿ ಮೇಲೆ ತೇಲಿ ನಿಂತಿದೆ, ನಡುವೆ ತಿಳಿನೀರು, ತಳದಲ್ಲಿ ಮೊಸರಿನಂತೆ ಏನೋ ಕೂತಿದೆ. ಮೇಲಿನದನ್ನು ತೆಗೆದು, ನೀರು ಬಸಿದು, ತಳದ್ದನ್ನು ಧೋತರದ ಮೇಲೆ ನೆರಳಿಗೆ ಹರಡಿದರು. ಸಂಜೆಗೆ ಬಿಲ್ಲೆಯಾಗಿ ಒಣಗಿದ್ದನ್ನು ಅಂಗೈಯಲ್ಲಿ ತಿಕ್ಕಿದರೆ ಹಿಟ್ಟು. ಮೂರು ಜರಡಿ ಆಡಿಸಿದರೂ ಅಷ್ಟು ನುಣ್ಣಗೆ ಎಂದೂ ಬಂದಿರಲಿಲ್ಲ. ಸಾಣಿಸುವ ಕೆಲಸವನ್ನು ನೀರೇ ಮಾಡಿ ಮುಗಿಸಿತ್ತು. ಮಧ್ಯಾಹ್ನದ ಕೆಮ್ಮೂ ಅಲ್ಲಿಗೆ ತಪ್ಪಿತು.

ಎಲ್ಲವೂ ಬಗೆಹರಿಯಿತು ಎಂದುಕೊಳ್ಳುವ ಹಾಗಿಲ್ಲ. ಗಾಳೆಮ್ಮಜ್ಜಿ ಆ ಹಿಟ್ಟನ್ನು ಬೆರಳಲ್ಲಿ ಹೊಸಕಿ, ಮೂಸಿ, ಗಲ್ಲಕ್ಕೆ ಸವರಿಕೊಂಡು ನೋಡಿ, ತೀರ್ಪನ್ನು ಮುಂದಕ್ಕೆ ಹಾಕಿದ್ದಾರೆ. "ಛಲೋ ಐತಿ. ಆದ್ರ ನೀರು ಕುಡದ ಹಿಟ್ಟು. ಮಳಿಗಾಲದಾಗ ಗೊಂಬಿ ಬಿರಕು ಬಿಡತೈತೋ ಇಲ್ಲೋ ನೋಡಿ ಹೇಳತೀನಿ." ಬರುವ ಸೋಮವಾರ ಕೊಪ್ಪಳದ ಡಾಕ್ಟರು ಮತ್ತೆ ಎದೆ ಪರೀಕ್ಷಿಸಲಿದ್ದಾರೆ. ಏಳು ವರ್ಷದ ಪುಡಿ ನಾಲ್ಕಾರು ದಿನದಲ್ಲಿ ಕರಗುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದಾರೆ. ಕೈಗಾಡಿಯ ಮೇಲೆ ಹನ್ನೊಂದು ದಿನದ ಸೊನ್ನೆಗಳಿವೆ. ಅವನ್ನು ಬರೆದ ಅಂದಪ್ಪನೇ ಪೂರ್ತಿ ನಂಬುವುದಿಲ್ಲ. ಹಲಗೆ ಮುಗಿದ ಮೇಲೆ ಹೆಂಡತಿಯನ್ನು ಒಂದಷ್ಟು ಹೊತ್ತು ಮಾತಾಡಿಸುತ್ತ ಎದುರಿಗೇ ಕೂರಿಸಿಕೊಳ್ಳುತ್ತಾರೆ.

ಗಾಳೆಮ್ಮಜ್ಜಿಯ ಮನೆಯ ಹತ್ತನೆಯ ಹಲಗೆ ಮುಗಿದಿದೆ. ಬಿಸಿಲು ಪಡಸಾಲೆಗೆ ಬಂದಿದೆ. ಅಂದಪ್ಪ ವಾಯರು ಸುತ್ತುತ್ತ ಬೀದಿಗೆ ಇಳಿದಿದ್ದಾರೆ. ಆರಿಸಿದ್ದು ಸರಿಯಾಯಿತೇ ಎಂದು ಕೇಳಿದರೆ ಕಸ್ತೂರೆಮ್ಮ ಡ್ರಮ್ಮಿನ ಕಡೆಗೊಮ್ಮೆ, ಬೀದಿಯ ಕಡೆಗೊಮ್ಮೆ ನೋಡುತ್ತಾರೆ.

"ಗೊತ್ತಿಲ್ರಿ. ನನಗ ಇನ್ನೂ ತಿಳಿವಲ್ದು," ಎನ್ನುತ್ತಾರೆ. ಆಮೇಲೆ ದನಿ ಇಳಿಸಿ, "ಆದ್ರ ಒಂದು ಆತು ನೋಡ್ರಿ. ಏಳು ವರ್ಷ ಗರಗಸ ಓಡುವಾಗ ಇವರ ಮುಖ ನನಗ ಕಂಡೇ ಇರಲಿಲ್ಲ. ಬರೇ ಪುಡಿ. ಹಲಗಿ ಮ್ಯಾಲ ಹಾಕಿದ ಗೆರಿ ನೋಡಿ ಕೊಯ್ತಾರ ಅಂತ ತಿಳಕೊಂಡಿದ್ದೆ. ಈಗ ಎಲ್ಲಾ ಚಂದಾಗಿ ಕಾಣತೈತಿ. ಇವರು ಗೆರಿ ನೋಡೂದ ಇಲ್ರಿ. ನನ್ನ ಬೆರಳು ನೋಡತಿರತಾರ. ಸೋಮವಾರ ಡಾಕ್ಟರು ಆ ತುದಿ ಬಿಡು ಅಂದ್ರ, ನೀವ ಹೇಳ್ರಿ, ನಾ ಹ್ಯಾಂಗ ಬಿಡಲಿ?"